ಐದನೇ ಜ್ವರ

ಔಷಧಿ ಹೊಡೆಯುವ ಕೈಪಂಪು ಕಂಡರೆ ಇವತ್ತಿಗೂ ನನ್ನ ಬಲಗೈ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ. ಮೊನ್ನೆ ಮಗಳು ಹಿತ್ತಿಲಲ್ಲಿ ಗುಲಾಬಿ ಗಿಡಕ್ಕೆ ಸೋಪಿನ ನೀರು ಹೊಡೆಯುತ್ತಿದ್ದಳು. "ಅಬ್ಬಾಜಾನ್, ಇದನ್ನ ಒಂದು ನಿಮಿಷ ಹಿಡ್ಕೊಳ್ಳಿ" ಅಂದಳು. ನಾನು ಹಿಡಿಯಲಿಲ್ಲ. ಅವಳು ನಕ್ಕಳು. ಅವಳಿಗೆ ಕಾಣುವುದು ಪಂಪು. ನನಗೆ ಕಾಣುವುದು ಅದರ ಮೂತಿಯಲ್ಲಿ ತೂಗುತ್ತಿದ್ದ ಒಂದು ಹನಿ, ಅದರಿಂದ ಒಂದು ಗೇಣು ದೂರದಲ್ಲಿ ಸೊಪ್ಪು ತಿನ್ನುತ್ತಿದ್ದ ಹುಳಗಳು.

ನಾನಿದ್ದ ರೇಷ್ಮೆ ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ಈಚೆಗೆ ಮನೆಗೆ ಬಂದು, ಹಳ್ಳಿ ಹಳ್ಳಿಗೆ ಹೋಗಿ ಹುಳ ಸಾಕಣೆ ತೋರಿಸಿಕೊಡುವ ಪ್ರದರ್ಶಕನ ಕೆಲಸದಲ್ಲಿ ಏನೇನು ತಿಳಿದಿರಬೇಕು ಎಂದು ಕೇಳಿದರು. ಹುಳಕ್ಕೆ ಬರುವ ರೋಗ, ಸೊಪ್ಪಿನ ಅಂತರ, ಕೊಠಡಿಯ ಶಾಖ, ಇವೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿದೆ. ನನಗೆ ಯಾವಾಗ ಬಡ್ತಿ ಬಂತು, ಎಲ್ಲಿಗೆ ವರ್ಗವಾಯಿತು ಎಂಬುದು ಯಾರಿಗೂ ಬೇಡ. ಹಾಗಾಗಿ ನಾನು ಮಾಡಿದ ತಪ್ಪುಗಳನ್ನು ಬರೆಯುತ್ತೇನೆ. ಮುಖ್ಯವಾಗಿ ಒಂದು ತಪ್ಪನ್ನು, ಅದರಿಂದ ನಾವು ಗೆದ್ದು ಬಂದದ್ದನ್ನು.

ಮೊದಲ ತಪ್ಪು ಸಣ್ಣದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನನ್ನು ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಗೆ ಹಾಕಿದ್ದರು. ಈದ್ ಮುಗಿಸಿ ಚನ್ನಪಟ್ಟಣದಿಂದ ನೇರವಾಗಿ ಬಂದವನು, ಹೊಸ ಅಂಗಿಯಲ್ಲೇ ಒಬ್ಬ ಅಜ್ಜಿಯ ಹುಳದ ಮನೆಗೆ ಹೋದೆ. ಬಾಗಿಲಲ್ಲಿಟ್ಟಿದ್ದ ಬ್ಲೀಚಿಂಗ್ ಪುಡಿ ನೀರಿನಲ್ಲಿ ಕಾಲು ಅದ್ದಿದೆ, ಕೈ ತೊಳೆದೆ, ಎಲ್ಲವನ್ನೂ ಪುಸ್ತಕದಲ್ಲಿರುವಂತೆ ಮಾಡಿದೆ. ಅಜ್ಜಿ ಮೂಗು ಅರಳಿಸಿ ನನ್ನ ಎದೆಗೆ ಕೈ ಅಡ್ಡ ಇಟ್ಟಳು.

"ಅತ್ತರು ಬಳ್ಕಂಡಿದ್ದೀರಾ ಸಾಬ್ರೇ?"

"ಒಸಿ ಹಚ್ಕೊಂಡಿದ್ದೆ ಅಜ್ಜಿ. ಹಬ್ಬ."

"ಹಬ್ಬ ನಿಮ್ಗೆ. ಹುಳುಕ್ಕಲ್ಲ. ಹೋಗಿ ಕೆರೇಲಿ ಮುಳುಗ್ಬುಟ್ಟು ಬನ್ನಿ. ಮ್ಯಾಲೆ ಎದ್ರೆ ಮಾತಾಡುವ."

ಬಿ.ಎಸ್ಸಿ. ಪದವಿ ಪಡೆದವನು ಹೊಸ ಅಂಗಿ ಕಳಚಿ ಕೆರೆಗಿಳಿದೆ. ಹುಳದ ಮುಂದೆ ನಾವು ಯಾರೂ ದೊಡ್ಡವರಲ್ಲ ಎಂಬುದು ಆ ದಿನ ಅರ್ಧ ತಿಳಿಯಿತು. ಉಳಿದರ್ಧ ತಿಳಿಯಲು ಎಷ್ಟೋ ವರ್ಷ ಬೇಕಾಯಿತು.

ಇಲ್ಲಿ ನಮ್ಮ ಮನೆಯ ಸುದ್ದಿ ಸ್ವಲ್ಪ ಹೇಳಬೇಕು. ಮುಂದೆ ಬೇಕಾಗುತ್ತದೆ. ನಮ್ಮ ತಂದೆ ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುತ್ತಿದ್ದರು. ನಮ್ಮ ಬೀದಿಯ ಪ್ರತಿ ಮನೆಯ ಗೋಡೆಯ ಮೇಲೂ ಒಂದು ಹಗ್ಗದಲ್ಲಿ ಎಲ್ಲ ಮಾದರಿಗಳೂ ತೂಗುತ್ತಿದ್ದವು: ಚಕ್ರ, ತಲೆ, ಬುಗುರಿ, ಗಿಲಕಿ, ಕುದುರೆಯ ಕಾಲು. ಆದರೆ ಯಾವ ಮನೆಯೂ ಎಲ್ಲವನ್ನೂ ಮಾಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಬರೀ ಚಕ್ರ. ಪಕ್ಕದ ಮನೆಯಲ್ಲಿ ಬರೀ ತಲೆ. ವ್ಯಾಪಾರಿಯ ಆಳು ಬೆಳಿಗ್ಗೆ ಸೈಕಲ್ ಗಂಟೆ ಬಾರಿಸುತ್ತ ಬೀದಿಯಲ್ಲಿ ಹೋಗುತ್ತಿದ್ದ. ಗಂಟೆ ಎಂದರೆ "ಸರಕು ಬೇಕು, ಶುರು ಮಾಡಿ" ಎಂದಷ್ಟೇ ಅರ್ಥ. ಅದೇ ಗಂಟೆಗೆ ನಮ್ಮ ಮನೆಯಿಂದ ಚಕ್ರ ಹೊರಡುತ್ತಿತ್ತು, ಪಕ್ಕದ ಮನೆಯಿಂದ ತಲೆ.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಡಂ ಜೀವಕೋಶದ ಪಾಠ ಮಾಡಿದಾಗ ತರಗತಿಯಲ್ಲಿ ತಕ್ಷಣ ಅರ್ಥ ಮಾಡಿಕೊಂಡವನು ನಾನೊಬ್ಬನೇ. ಹುಳದ ಕಣ್ಣಿನ ಕೋಶವಿರಲಿ, ಕಾಲಿನ ಕೋಶವಿರಲಿ, ರೇಷ್ಮೆ ಗ್ರಂಥಿಯ ಕೋಶವಿರಲಿ, ಎಲ್ಲದರೊಳಗೂ ಒಂದೇ ವಂಶವಾಹಿಗಳ ಕಂತೆ ಇರುತ್ತದೆ. ರೇಷ್ಮೆ ಎಳೆಯ ಜೀನು ಕಣ್ಣಿನ ಕೋಶದಲ್ಲೂ ಇದೆ, ಆದರೆ ಅಲ್ಲಿ ಅದು ಗೋಡೆಗೆ ತೂಗುಹಾಕಿದ ಮಾದರಿ ಅಷ್ಟೆ. ಗ್ರಂಥಿಯ ಹಿಂಭಾಗದಲ್ಲಿ ಮಾತ್ರ ಆ ಜೀನು ತೆರೆದುಕೊಂಡು ಎಳೆಯ ಪದಾರ್ಥ ತಯಾರಾಗುತ್ತದೆ. ಅದೇ ಗ್ರಂಥಿಯ ನಡುಭಾಗದಲ್ಲಿ ಬೇರೆ ಜೀನು ತೆರೆದು, ಎಳೆಗೆ ಬೇಕಾದ ಅಂಟು ತಯಾರಾಗುತ್ತದೆ. ಒಂದು ಮನೆ ಚಕ್ರ, ಒಂದು ಮನೆ ತಲೆ. "ಮೇಡಂ, ಇದು ನಮ್ಮ ಬೀದಿ" ಅಂದೆ. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. "ಗಂಟೆ ಬಾರಿಸುವವನು ಯಾರು, ಅದನ್ನೂ ಕಲಿತುಕೋ" ಎಂದರು.

ಕಲಿತೆ. ಹುಳದಲ್ಲಿ ಆ ಗಂಟೆ ಒಂದು ಹಾರ್ಮೋನು. ಅದು ಮೈಯಲ್ಲಿ ಏರಿದಾಗ ಹುಳ ಪೊರೆ ಕಳಚುತ್ತದೆ. ಇನ್ನೊಂದು ಹಾರ್ಮೋನು ಎಳೆತನವನ್ನು ಕಾಯುವುದು. ಅದು ಇರುವತನಕ ಹುಳ ಹುಳವಾಗಿಯೇ ಉಳಿಯುತ್ತದೆ. ಪರೀಕ್ಷೆಗೆ ಬರೆದೆ, ಪಾಸಾದೆ, ಮರೆತೆ.

ಆಮೇಲೆ ನಾನು ಮಾಗಡಿ ತಾಲ್ಲೂಕಿನಲ್ಲಿ ಕುದೂರಿನ ಸುತ್ತಮುತ್ತ ಕೆಲಸ ಮಾಡುತ್ತಿದ್ದ ಕಾಲ. ಮೊಬೈಲು ಇನ್ನೂ ಬಂದಿರಲಿಲ್ಲ. ಎಳೆತನದ ಹಾರ್ಮೋನಿನಂತೆಯೇ ಕೆಲಸ ಮಾಡುವ ಒಂದು ಔಷಧಿಯನ್ನು ಪ್ರಯೋಗಕ್ಕೆಂದು ನಮ್ಮ ಕೈಗೆ ಕೊಟ್ಟರು. ನಾಲ್ಕನೇ ಜ್ವರ ಎದ್ದ ಎರಡನೇ ದಿನ ಹುಳದ ಮೇಲೆ ತೆಳುವಾಗಿ ಒಮ್ಮೆ ಹೊಡೆದರೆ, ಹುಳ ಒಂದು ದಿನ ಹೆಚ್ಚು ಮೇಯುತ್ತದೆ, ಗ್ರಂಥಿ ಇನ್ನಷ್ಟು ತುಂಬುತ್ತದೆ, ಗೂಡು ದಪ್ಪವಾಗುತ್ತದೆ.

ಜ್ವರ ಎಂದರೆ ಏನೆಂದು ಹೊಸಬರಿಗೆ ಹೇಳಬೇಕು. ಹುಳ ಪೊರೆ ಕಳಚುವ ಮೊದಲು ಮೇವು ಬಿಟ್ಟು, ತಲೆ ಎತ್ತಿ, ಒಂದು ದಿನ ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಹುಳದ ಜನ್ಮಕ್ಕೆ ನಾಲ್ಕೇ ಜ್ವರ. ನಾಲ್ಕನೆಯದು ಎದ್ದ ಮೇಲೆ ಏಳು ದಿನ ಮೇಯ್ದು, ಮೈ ತಿಳಿಯಾಗಿ ಹಣ್ಣಾಗುತ್ತದೆ. ಆಗ ಅದನ್ನು ಬಿದಿರಿನ ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುತ್ತದೆ.

ಆ ಔಷಧಿಗೆ ನಾನು ಆರಿಸಿಕೊಂಡದ್ದು ಸಿದ್ದಮ್ಮನ ಮನೆ. ಮೂವತ್ತೈದು ದಾಟಿದ ಹೆಂಗಸು. ಗಂಡ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಫ್ಯಾಕ್ಟರಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಜಮೀನು ಇನ್ನೂ ಭಾಗವಾಗಿರಲಿಲ್ಲ. ಊರಲ್ಲಿದ್ದ ಮೈದುನ ಕೆಂಪಯ್ಯನ ಮಾತೇ ನಡೆಯುತ್ತಿತ್ತು. ಹಿಂದಿನ ಎರಡು ಬೆಳೆ ರೋಗ ಬಂದು ಹೋಗಿದ್ದವು. ಹಿಪ್ಪುನೇರಳೆ ತೋಟ ಕಿತ್ತು ನೀಲಗಿರಿ ಹಾಕಬೇಕೆಂದು ಕೆಂಪಯ್ಯ ಹಟ ಹಿಡಿದಿದ್ದ. ಆ ತೋಟದ ಒಂದೊಂದು ಕಡ್ಡಿಯನ್ನೂ ಸಿದ್ದಮ್ಮ ತನ್ನ ಕೈಯಾರೆ ನೆಟ್ಟಿದ್ದಳು. ಕೊನೆಗೆ ಜಗಲಿಯ ಮೇಲೆ ನನ್ನೆದುರಿಗೇ ಮಾತಾಯಿತು.

"ಇದೊಂದು ಬೆಳೆ ನೋಡ್ತೀನಿ ಅತ್ತಿಗೆ" ಅಂದ ಕೆಂಪಯ್ಯ. "ಕೈಗೆ ಬಂದ್ರೆ ನಿನ್ ತೋಟ ನಿಂಗೆ. ಇಲ್ದಿದ್ರೆ ನೀಲಗಿರಿ ಸಸಿ ಇಳಿಸ್ತೀನಿ. ಆಮ್ಯಾಕೆ ಅಳಂಗಿಲ್ಲ."

"ಅಳಕ್ಕೆ ನಂಗೆಲ್ಲಿ ಪುರುಸೊತ್ತು? ನೂರು ಮೊಟ್ಟೆ ಮೇಯಿಸ್ಬೇಕು" ಅಂದಳು ಸಿದ್ದಮ್ಮ.

ನೂರು ಮೊಟ್ಟೆ ಎಂದರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆ, ಸುಮಾರು ನಲವತ್ತು ಸಾವಿರ ಹುಳ. ಅವಳ ಹುಳ ನಾಲ್ಕನೇ ಜ್ವರಕ್ಕೆ ಕೂರುವ ಹೊತ್ತಿಗೆ ನಾನು ಔಷಧಿಯ ಶೀಶೆ ಕೊಟ್ಟು, ನೀರಿಗೆ ಎಷ್ಟು ಬೆರೆಸಬೇಕೆಂದು ತೋರಿಸಿ, "ಎರಡನೇ ದಿನ, ಒಂದೇ ಸಲ" ಎಂದು ಹೇಳಿ, ಚೀಟಿಯಲ್ಲೂ ಬರೆದುಕೊಟ್ಟೆ. ಏಕೆ ಒಂದೇ ಸಲ ಎಂದು ಹೇಳಲಿಲ್ಲ. ನನಗೆ ಇನ್ನೊಂದು ಹಳ್ಳಿಗೆ ಹೋಗುವ ಅವಸರವಿತ್ತು. "ಒಂದಿನ ಹೆಚ್ಚಿಗೆ ಮೇಯ್ತವೆ, ಗಾಬರಿ ಬೀಳಬೇಡಿ" ಎಂದು ಮಾತ್ರ ಸೇರಿಸಿದೆ.

ಹುಳ ನಾಲ್ಕನೇ ಜ್ವರ ಎದ್ದ ಒಂಬತ್ತನೇ ದಿನ ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಕೈಲಿ ಚೀಟಿ ಬಂತು. "ಹುಳ ಇನ್ನೂ ಮೇಯ್ತಾವೆ. ಬೇಗ ಬನ್ನಿ."

ಮೊಪೆಡ್ಡಿನಲ್ಲಿ ಹೋದೆ. ಅಂಗಳಕ್ಕೆ ಕಾಲಿಡುವ ಮೊದಲೇ ಸದ್ದು ಕೇಳಿಸಿತು. ನಲವತ್ತು ಸಾವಿರ ಹುಳ ಸೊಪ್ಪು ಕೊರೆಯುವ ಸದ್ದು, ಒಣಗಿದ ಹೊಂಗೆ ಎಲೆಗಳ ಮೇಲೆ ಯಾರೋ ನಿಲ್ಲದೆ ನಡೆದಂತೆ. ಬೇರೆ ದಿನಗಳಲ್ಲಿ ಆ ಸದ್ದು ಕೇಳಿದರೆ ನನಗೆ ಸಂತೋಷ. ಒಂಬತ್ತನೇ ದಿನ ಅದು ನಿಂತಿರಬೇಕಿತ್ತು. ಒಳಗೆ ಮೂವತ್ತೆರಡು ತಟ್ಟೆಗಳಲ್ಲಿ ಬೆರಳಿಗಿಂತ ದಪ್ಪದ ಬಿಳೀ ಹುಳಗಳು ತಲೆ ತಗ್ಗಿಸಿ ತಿನ್ನುತ್ತಲೇ ಇದ್ದವು. ಮೂಲೆಯಲ್ಲಿ ಬೇರೆ ಇಟ್ಟಿದ್ದ ಎಂಟು ತಟ್ಟೆಗಳಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಹುಳ ಹಣ್ಣಾಗುತ್ತಿತ್ತು. ನಾನು ಅದನ್ನು ನೋಡಿದೆ. ಆದರೆ ನೋಡಿದ್ದು ತಲೆಗೆ ಹೋಗಲಿಲ್ಲ.

"ನಾಳೆಗೆ ತೋಟದಲ್ಲಿ ಒಂದು ಎಲೆ ಉಳಿಯಕ್ಕಿಲ್ಲ ಸಾಬ್ರೇ" ಅಂದಳು ಸಿದ್ದಮ್ಮ. "ಮೇವಿಲ್ದೆ ಬುಟ್ರೆ ಸಾಯ್ತವೆ. ಮೇಯಿಸ್ತಾನೇ ಇದ್ರೆ ಕಟ್ಟಲ್ಲ. ನಾ ಏನ್ ಮಾಡ್ಲಿ?"

ಕುದೂರಿಗೆ ಬಂದು ದೂರವಾಣಿ ಬೂತಿನಿಂದ ನಮ್ಮ ಮೇಲಧಿಕಾರಿಗಳಿಗೆ ಫೋನ್ ಮಾಡಿದೆ. ಕೆಲಸ ಬಲ್ಲವರು, ಸಿಡುಕರು. ಅರ್ಧ ಕೇಳಿ ಹೇಳಿದರು: "ಹಣ್ಣು ಮಾಡೋ ಔಷಧಿ ನಿಮ್ಮ ಹತ್ರ ಇದೆಯಲ್ಲ. ಇವತ್ತೇ ಎಲ್ಲ ತಟ್ಟೆಗೂ ಹೊಡೀರಿ. ಸಂಜೆ ನನಗೆ ವರದಿ ಬೇಕು."

ಇತ್ತು. ಗಂಟೆ ಬಾರಿಸುವ ಹಾರ್ಮೋನನ್ನು ಒಂದು ಗಿಡದಿಂದ ತೆಗೆದು ಮಾಡಿದ ಔಷಧಿ ಅದು. ಹುಳಗಳು ಹಿಂದೆ ಮುಂದೆ ಹಣ್ಣಾದಾಗ, ಎಲ್ಲವೂ ಒಟ್ಟಿಗೆ ಗೂಡು ಕಟ್ಟಲಿ ಎಂದು ಬಳಸುತ್ತಿದ್ದೆವು. ಎಷ್ಟೋ ಮನೆಗಳಲ್ಲಿ ಬಳಸಿ ಗೆದ್ದಿದ್ದೆ. ಸಾಹೇಬರು ಹೇಳಿದ್ದೂ ಅದನ್ನೇ, ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಮಧ್ಯಾಹ್ನ ಎರಡು ಗಂಟೆಗೆ ನಾನು ಹುಳದ ಮನೆಯಲ್ಲಿ ಪಂಪಿಗೆ ಔಷಧಿ ಸುರಿದು ಗಾಳಿ ತುಂಬುತ್ತಿದ್ದೆ. ಸಿದ್ದಮ್ಮ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

"ಇದೇನ್ ವಿಷನಾ?"

"ಅಲ್ಲಮ್ಮ. ಹುಳದ ಮೈಯಲ್ಲೇ ಇರೋದು ಇದು." ಅವಳಿಗೆ ಧೈರ್ಯ ಬರಲೆಂದು ನಮ್ಮ ಬೀದಿಯ ಕಥೆ ಹೇಳಿದೆ. ಪ್ರತಿ ಮನೆಯಲ್ಲೂ ಎಲ್ಲ ಮಾದರಿ ಇರುವುದು, ಗಂಟೆ ಬಾರಿಸಿದರೆ ಕೆಲಸ ಶುರುವಾಗುವುದು. "ಇದೇ ಆ ಗಂಟೆ. ಹುಳಕ್ಕೆ ಬಾರಿಸೋದು ಮರೆತುಹೋಗಿದೆ. ನಾವು ಬಾರಿಸ್ತೀವಿ."

ಅವಳು ಸ್ವಲ್ಪ ಯೋಚಿಸಿದಳು. "ಮೈಯಾಗೇ ಇರದು ಅಂತೀರಿ. ಇಷ್ಟ್ ದಿನ ಎಲ್ಲಿತ್ತು?"

"ಆಗಾಗ ಬರ್ತಿತ್ತು. ಪ್ರತಿ ಜ್ವರಕ್ಕೂ ಇದೇ ಗಂಟೆ."

"ಜ್ವರ ಬರ್ಸೋದೂ ಇದೇ, ಗೂಡು ಕಟ್ಸೋದೂ ಇದೇ?"

"ಹೂಂ."

"ಹಂಗಾರೆ ಈಗ ಜ್ವರ ಬರಕ್ಕಿಲ್ಲ, ಗೂಡೇ ಕಟ್ತವೆ ಅಂತ ಹೆಂಗ್ ಗೊತ್ತು ನಿಮ್ಗೆ?"

ಪಂಪಿನ ಮೂತಿ ಮೊದಲ ತಟ್ಟೆಗೆ ಗೇಣು ದೂರದಲ್ಲಿತ್ತು. ಹೆಬ್ಬೆರಳು ಹಿಡಿಯ ಮೇಲಿತ್ತು. ನಾನು ಉತ್ತರ ಹೇಳುತ್ತಲೇ ಒತ್ತುವವನಿದ್ದೆ. "ಎಳೆತನ ಕಾಯೋದು ಇನ್ನೊಂದಿದೆಯಮ್ಮ. ಅದು ಮೈಯಲ್ಲಿದ್ದಾಗ ಗಂಟೆ ಬಾರಿಸಿದ್ರೆ ಜ್ವರ. ಅದು ಖಾಲಿಯಾದ ಮೇಲೆ ಬಾರಿಸಿದ್ರೆ ಗೂಡು. ಈಗ ಖಾಲಿಯಾಗಿರ್ತದೆ. ನಾವು ಆವತ್ತು ಹೊಡೆದದ್ದು ಅದನ್ನೇ, ಆದರೆ ಒಂದು ಸಲ ತಾನೇ."

"ಒಂದ್ಸಲ ಅಲ್ಲ ಸಾಬ್ರೇ. ಎರಡ್ಸಲ."

ಮೂತಿಯಲ್ಲಿ ಒಂದು ಹನಿ ತೂಗುತ್ತಿತ್ತು. ಬೆರಳು ತೆಗೆದೆ. ಪಂಪನ್ನು ನೆಲದ ಮೇಲಿಟ್ಟು ಕಾಲಿನಿಂದ ದೂರ ತಳ್ಳಿದೆ.

"ಏಕಮ್ಮ ಎರಡು ಸಲ?"

ಅವಳು ಹೇಳಿದ್ದು ಇಷ್ಟು. ಹುಳಗಳೆಲ್ಲ ಒಟ್ಟಿಗೆ ಜ್ವರ ಎದ್ದಿರಲಿಲ್ಲ. ಮೂವತ್ತೆರಡು ತಟ್ಟೆ ಮೊದಲು ಎದ್ದವು, ಎಂಟು ತಟ್ಟೆ ಒಂದು ದಿನ ತಡವಾಗಿ ಎದ್ದವು. ಮೊದಲು ಎದ್ದವಕ್ಕೆ ಎರಡನೇ ದಿನ ಔಷಧಿ ಹೊಡೆದಳು. ಮಾರನೇ ದಿನ ತಡವಾಗಿ ಎದ್ದವಕ್ಕೆ ಹೊಡೆಯಲು ಹೋದಾಗ ಮೊದಲಿನವಕ್ಕೂ ಇನ್ನೊಂದು ಸುತ್ತು ಹೊಡೆದಳು.

"ಹಿಂದೆ ಕುಂತೋರ್ಗೆ ಬಡಿಸ್ವಾಗ ಮುಂದ್ಲೋರ್ ಎಲೆಗೂ ಒಂದ್ ಸೌಟು ಹಾಕ್ದೆ ಹೋಗಕ್ಕಾಯ್ತದಾ?" ಅಂದಳು. "ಪಂಕ್ತಿಭೇದ ಮಾಡ್ಬಾರ್ದು ಅಂತ ನಮ್ಮವ್ವ ಹೇಳ್ಕೊಟ್ಟವ್ಳೆ."

ನನಗೆ ಸಿಟ್ಟು ಬರಲಿಲ್ಲ. ಮೂಲೆಯ ಎಂಟು ತಟ್ಟೆಗಳ ಕಡೆ ತಿರುಗಿದೆ. ತಡವಾಗಿ ಎದ್ದ ಹುಳಗಳೇ ಮೊದಲು ಹಣ್ಣಾಗುತ್ತಿದ್ದವು, ಏಕೆಂದರೆ ಅವಕ್ಕೆ ಒಂದೇ ಸೌಟು ಬಿದ್ದಿತ್ತು. ಬೆಳಿಗ್ಗೆಯಿಂದ ಉತ್ತರ ನನ್ನ ಕಣ್ಣೆದುರಿಗೇ ಇತ್ತು. ಉಳಿದ ಮೂವತ್ತೆರಡರ ಮೈಯಲ್ಲಿ ಎಳೆತನದ ರಸ ಇನ್ನೂ ತುಂಬಿತ್ತು. ಅದರ ಮೇಲೆ ನಾನು ಗಂಟೆ ಬಾರಿಸಿದ್ದರೆ ಹುಳ ಗೂಡು ಕಟ್ಟುತ್ತಿರಲಿಲ್ಲ. ಹುಳದ ಜನ್ಮದಲ್ಲೇ ಇಲ್ಲದ ಐದನೇ ಜ್ವರಕ್ಕೆ ಕೂರುತ್ತಿತ್ತು. ಜ್ವರಕ್ಕೆ ಕೂತಾಗ ಗ್ರಂಥಿಯಲ್ಲಿ ರೇಷ್ಮೆಯ ಜೀನು ಮುಚ್ಚಿಕೊಳ್ಳುತ್ತದೆ. ಒಂಬತ್ತು ದಿನ ಮೇಯ್ದದ್ದೆಲ್ಲ ಮಣ್ಣು.

ಆಗ ನನಗೆ ಬೇಕಾದದ್ದು ಒಂದು ಸಾಕ್ಷಿ. ಕಾಲೇಜಿನ ಕತ್ತರಿ, ಸೂಜಿಗಳ ಪೆಟ್ಟಿಗೆ ಯಾವಾಗಲೂ ನನ್ನ ಚೀಲದಲ್ಲಿರುತ್ತಿತ್ತು, ಸಹೋದ್ಯೋಗಿಗಳು ಅದನ್ನು ಗೇಲಿ ಮಾಡುತ್ತಿದ್ದರು. "ಮೂರು ಹುಳ ಕೊಡಿ, ಕೊಯ್ದು ನೋಡಬೇಕು" ಅಂದೆ. ಸಿದ್ದಮ್ಮನ ಮುಖ ಸಪ್ಪಗಾಯಿತು.

"ಕೊಡ್ತೀನಿ. ಹುಳದ ಮನೆ ಒಳಗೆ ಬ್ಯಾಡ. ಉಳಿದೋವು ನೋಡ್ತವೆ."

ಹುಣಸೆ ಮರದ ಕೆಳಗೆ ಊಟದ ತಟ್ಟೆಯಲ್ಲಿ ಉಪ್ಪುನೀರು ಹಾಕಿಕೊಂಡು ಕೊಯ್ದೆ. ಅವಳು ಬೇಡವೆನ್ನುತ್ತಲೇ ಬಂದು ಬಗ್ಗಿ ನೋಡಿದಳು. ಹುಳದ ಮೈ ತೆರೆದೊಡನೆ ಎರಡು ಗ್ರಂಥಿಗಳು ಉಕ್ಕಿ ಬಂದವು. ಅಷ್ಟು ದಪ್ಪನೆಯ, ಅಷ್ಟು ತುಂಬಿದ ರೇಷ್ಮೆ ಗ್ರಂಥಿಯನ್ನು ನಾನು ಕಾಲೇಜಿನಲ್ಲೂ ನೋಡಿರಲಿಲ್ಲ, ಕೆಲಸದಲ್ಲೂ ನೋಡಿರಲಿಲ್ಲ. ಹಿಂಭಾಗದ ಸುರುಳಿ ಹೊಸ ನೂಲಿನ ಲಡಿಯಂತೆ ಹೊಳೆಯುತ್ತಿತ್ತು. ಕೋಶಗಳು ಎರಡಾಗಿ ಒಡೆಯದೆ, ಒಳಗಿನ ಮಾದರಿಗಳನ್ನು ಮತ್ತೆ ಮತ್ತೆ ನಕಲು ಮಾಡಿಕೊಂಡು, ಆ ಒಂದು ಜೀನನ್ನು ತೆರೆದಿಟ್ಟು, ಒಂಬತ್ತು ದಿನ ಹಗಲಿರುಳು ಎಳೆಯ ಪದಾರ್ಥ ತುಂಬಿದ್ದವು. ನನಗೆ ನಗು ಬಂತು.

"ಬೀದಿ ತುಂಬ ಕೆಲಸ ನಡೀತಿದೆಯಮ್ಮ. ಸರಕು ಸಿದ್ಧವಾಗಿದೆ. ಎಳೆತನ ಇಳಿಯೋ ತನಕ ಕಾಯಬೇಕು ಅಷ್ಟೆ. ಇಳಿದ ಮೇಲೆ ಹುಳ ತಾನೇ ಗಂಟೆ ಬಾರಿಸಿಕೊಳ್ತದೆ."

"ಎಷ್ಟ್ ದಿನ?"

"ಗೊತ್ತಿಲ್ಲ. ಎರಡು, ಮೂರು."

"ನಿಮ್ ಮಾತು ನಂಬ್ಲಾ, ನಿಮ್ ಸಾಹೇಬ್ರ ಮಾತು ನಂಬ್ಲಾ?"

"ಯಾರದ್ದೂ ಬೇಡ. ಹುಳಾನೇ ಕೇಳೋಣ."

ಎರಡು ಸಲ ಔಷಧಿ ಬಿದ್ದ ತಟ್ಟೆಗಳಿಂದ ಒಂದು ಮೊರಕ್ಕೆ ನೂರು ಹುಳ ಎಣಿಸಿ ಹಾಕಿ ಬೇರೆ ಕೋಣೆಯಲ್ಲಿಟ್ಟೆ. ಅವಕ್ಕೆ ಮಾತ್ರ ಹಣ್ಣು ಮಾಡುವ ಔಷಧಿ ಹೊಡೆದೆ. ಸಂಜೆ ಬೂತಿನಿಂದ ಫೋನ್ ಮಾಡಿ, ನಾನು ಉಳಿದವಕ್ಕೆ ಹೊಡೆದಿಲ್ಲ ಎಂದು ಹೇಳಿದೆ. "ಬೆಳೆ ಹೋದರೆ ಹೊಣೆ ನಿಮ್ಮದು" ಎಂದು ಸಾಹೇಬರು ಫೋನ್ ಇಟ್ಟರು.

ಮೂಲೆಯ ಎಂಟು ತಟ್ಟೆಯ ಹುಳಗಳನ್ನು ಹಣ್ಣಾದಂತೆಲ್ಲ ಚಂದ್ರಿಕೆಗೆ ಬಿಟ್ಟೆವು. ಮೂವತ್ತೆರಡು ತಟ್ಟೆಯ ಸೊಪ್ಪಿನ ಚಿಂತೆ ಉಳಿಯಿತು. ನಮ್ಮ ಕಡೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗುವ ಮುಯ್ಯಾಳಿನ ಪದ್ಧತಿ ಎಲ್ಲರಿಗೂ ಗೊತ್ತು. ಸೊಪ್ಪಿಗೂ ಅದೇ ಪದ್ಧತಿ ನಡೆಯುತ್ತಿತ್ತು. ಆದರೆ ಎರಡು ಬೆಳೆ ಕಳೆದುಕೊಂಡ ಮನೆಗೆ, ಹುಳ ಹಣ್ಣಾಗದ ಮನೆಗೆ ಯಾರು ಕೊಡುತ್ತಾರೆ? ಸಿದ್ದಮ್ಮ ಕೇಳಲು ಹೋಗಲಿಲ್ಲ. ಕೊಯ್ದ ಹುಳದ ಗ್ರಂಥಿ ಇದ್ದ ಊಟದ ತಟ್ಟೆಯನ್ನೇ ಸೆರಗಿನಲ್ಲಿ ಮುಚ್ಚಿಕೊಂಡು ಮನೆ ಮನೆಗೆ ಹೋಗಿ ತೋರಿಸಿದಳು. ರೇಷ್ಮೆ ಬೆಳೆಯುವವರಿಗೆ ಮಾತು ಬೇಕಿಲ್ಲ, ನೋಡಿದರೆ ಸಾಕು. ಹತ್ತನೇ ದಿನ ಬೆಳಿಗ್ಗೆ ಅವಳ ಅಂಗಳದಲ್ಲಿ ಸೊಪ್ಪಿನ ಹೊರೆಗಳು ಬಿದ್ದಿದ್ದವು. ಒಬ್ಬ ಮುದುಕ ಹೊರೆ ಇಳಿಸಿ, "ಇಷ್ಟೊಂದು ರೇಷ್ಮೆ ಹೊಟ್ಟೇಲಿ ಇಟ್ಕಂಡು ಕುಂತವಲ್ಲ, ಕಂಜೂಸು ನನ್ಮಕ್ಳು" ಎಂದು ಹುಳಗಳನ್ನು ಬೈದು ಹೋದ.

ಆ ದಿನವೇ ಕೆಂಪಯ್ಯನೂ ಬಂದ. ಹುಳ ನೋಡಲಿಲ್ಲ, ಸದ್ದು ಕೇಳಿದ. "ಇನ್ನೂ ತಿಂತಾ ಅವಲ್ಲ ಅತ್ತಿಗೆ. ಇವು ರೇಷ್ಮೆ ಹುಳನೋ, ನೆಂಟ್ರೋ? ಸಸಿ ಗಾಡಿ ನಾಳೆ ಬತ್ತದೆ." ಸಿದ್ದಮ್ಮ ಅವನಿಗೆ ಕಾಫಿ ಕೊಟ್ಟು, ಸೊಪ್ಪು ಹಾಕಲು ಒಳಗೆ ಹೋದಳು.

ಹನ್ನೊಂದನೇ ದಿನ ಬೆಳಿಗ್ಗೆ ಮೊರ ಇಟ್ಟಿದ್ದ ಕೋಣೆಯಿಂದ ಅವಳು ಕರೆದಳು. ದನಿ ಬೇರೆಯಾಗಿತ್ತು. ಹೋಗಿ ನೋಡಿದೆ. ನೂರು ಹುಳ ಮೇವು ಬಿಟ್ಟು, ಮೈ ಮಂಕಾಗಿ, ತಲೆ ಎತ್ತಿ ಅಲ್ಲಾಡದೆ ಕೂತಿದ್ದವು. ಬಾಯಿಯ ಮೇಲೆ ಹೊಸ ತಲೆಯ ಕಪ್ಪು ಮುಕ್ಕೋನ ಕಾಣುತ್ತಿತ್ತು. ನಾಲ್ಕು ಜ್ವರ ನೋಡಿದ ಯಾರಿಗಾದರೂ ಅದು ಏನೆಂದು ಗೊತ್ತು.

"ಜ್ವರ ಕುಂತವೆ" ಅಂದಳು ಮೆಲ್ಲಗೆ. "ಐದನೇ ಜ್ವರ. ನಮ್ಮಜ್ಜಿ ಕಾಲದಿಂದ ಯಾರೂ ಕಂಡಿಲ್ಲ ಸಾಬ್ರೇ."

ಮೊರದಲ್ಲಿದ್ದದ್ದು ನೂರು. ಗೋಡೆಯ ಆಚೆ ಮೂವತ್ತೆರಡು ತಟ್ಟೆ. ಒಂದು ಪ್ರಶ್ನೆ ಒಂದು ಉಸಿರಿನಷ್ಟು ತಡವಾಗಿ ಬಂದಿದ್ದರೆ ಆ ಮೂವತ್ತೆರಡು ತಟ್ಟೆಯೂ ಹೀಗೇ ತಲೆ ಎತ್ತಿ ಕೂತಿರುತ್ತಿದ್ದವು. ನನಗೆ ಆಗಾಗ ಕನಸಿನಲ್ಲಿ ಬರುವುದು ಆ ಮೊರ. ಆ ನೂರರಲ್ಲಿ ಹೆಚ್ಚಿನವು ಪೊರೆ ಅರ್ಧ ಕಳಚಿ ಸತ್ತವು. ಒಂದೂ ಗೂಡು ಕಟ್ಟಲಿಲ್ಲ.

ಹನ್ನೆರಡನೇ ದಿನ ಬೆಳಗಿನ ಮೇವು ಹಾಕಿ ನಾವಿಬ್ಬರೂ ಜಗಲಿಯಲ್ಲಿ ಕೂತಿದ್ದೆವು. ಹಿಂದಿನ ದಿನವೇ ಗಾಡಿ ಬಂದು ತೋಟದ ಬದುವಿನಲ್ಲಿ ನೀಲಗಿರಿ ಸಸಿಗಳು ಇಳಿದಿದ್ದವು. ಸಿದ್ದಮ್ಮ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಕೇಳ್ಸ್ಕಳಿ" ಅಂದಳು.

"ಏನೂ ಕೇಳಿಸ್ತಿಲ್ಲವಲ್ಲ."

"ಅದ್ನೇ ಕೇಳ್ಸ್ಕಳಿ ಅಂದಿದ್ದು."

ಒಳಗೆ ಓಡಿದೆವು. ಹೊಸ ಸೊಪ್ಪು ಹಾಗೇ ಬಿದ್ದಿತ್ತು. ಹುಳಗಳು ಅದರ ಮೇಲೆ ಹತ್ತಿ, ಜೇನಿನಂಥ ತಿಳಿ ಮೈಯಲ್ಲಿ, ತಲೆಯನ್ನು ಆಚೆ ಈಚೆ ತೂಗುತ್ತ ಆಸರೆ ಹುಡುಕುತ್ತಿದ್ದವು. ಕೆಲವು ಆಗಲೇ ತಟ್ಟೆಯ ಅಂಚಿಗೆ ಮೊದಲ ಎಳೆ ಬಿಟ್ಟಿದ್ದವು. ಯಾವ ಔಷಧಿಯೂ ಇಲ್ಲದೆ, ಯಾರ ಆಜ್ಞೆಯೂ ಇಲ್ಲದೆ, ಎಳೆತನ ಇಳಿದು, ಗಂಟೆ ಬಾರಿಸಿ, ಮೂವತ್ತೆರಡು ತಟ್ಟೆಯೂ ಒಟ್ಟಿಗೆ ಹಣ್ಣಾಗಿದ್ದವು. ಸಿದ್ದಮ್ಮ ಬೀದಿಗೆ ಹೋಗಿ ಕೂಗು ಹಾಕಿದಳು. ಸೊಪ್ಪು ಕೊಟ್ಟ ಮನೆಗಳವರೆಲ್ಲ ಬಂದರು, ತಮ್ಮ ತಮ್ಮ ಚಂದ್ರಿಕೆ ಹೊತ್ತು ತಂದರು. ಮಧ್ಯಾಹ್ನದ ಊಟವನ್ನು ಯಾರೂ ನೆನೆಯಲಿಲ್ಲ. ಸಂಜೆ ಹೊತ್ತಿಗೆ ಅಂಗಳ, ಜಗಲಿ, ಕೊಟ್ಟಿಗೆ, ಎಲ್ಲೆಲ್ಲೂ ಚಂದ್ರಿಕೆಗಳು ಗೋಡೆಗೊರಗಿ ನಿಂತಿದ್ದವು. ಪ್ರತಿಯೊಂದರಲ್ಲೂ ಸಾವಿರ ತಲೆಗಳು ತೂಗುತ್ತ ನೂಲುತ್ತಿದ್ದವು.

ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಒಯ್ದಾಗ ನಾನೂ ಹೋಗಿದ್ದೆ. ಅನ್ವರ್ ಭಾಯ್ ಎಂಬ ನೂಲು ತೆಗೆಯುವ ಹಿರಿಯರೊಬ್ಬರು ಸಿದ್ದಮ್ಮನ ಗೂಡಿನ ರಾಶಿಗೆ ಕೈ ಹಾಕಿ, ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒತ್ತಿ ನೋಡಿ, ಮತ್ತೊಂದನ್ನು ತೆಗೆದುಕೊಂಡರು. "ಏನಮ್ಮಾ ತಿನ್ನಿಸಿದೆ ಇವಕ್ಕೆ? ಬಿರಿಯಾನಿನಾ?" ಅಂದರು.

"ಊರೋರ್ ಸೊಪ್ಪು ತಿನ್ಸಿವ್ನಿ" ಅಂದಳು.

ರಾಶಿಯನ್ನು ಹರಾಜಿನಲ್ಲಿ ಅವರೇ ಕೂಗಿ ಹಿಡಿದರು. ಆಮೇಲೆ ತಮ್ಮ ನೂಲಿನ ಮನೆಗೆ ಅವಳನ್ನು ಕರೆದುಕೊಂಡು ಹೋಗಿ, ಬಿಸಿನೀರಿನಲ್ಲಿ ಒಂದೇ ಒಂದು ಗೂಡು ಹಾಕಿ, ಎಳೆ ಹಿಡಿದು ರಾಟೆಗೆ ಕಟ್ಟಿ ತಿರುಗಿಸಿದರು. ಎಳೆ ಬರುತ್ತಲೇ ಇತ್ತು. ಭಾಯ್ ಬೀಡಿ ಹಚ್ಚಿದರು, ಅದು ಮುಗಿಯಿತು. ಎಳೆ ತುಂಡಾಗಲಿಲ್ಲ. ಹುಳ ಬೆಳೆಸುವ ಹೆಂಗಸರು ಗೂಡಿನಿಂದ ಆಚೆಗೆ ಏನಾಗುತ್ತದೆಂದು ನೋಡುವುದು ಅಪರೂಪ. ಸಿದ್ದಮ್ಮ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು.

ನಾನು ವರದಿ ಬರೆದೆ. ಏನನ್ನೂ ಮುಚ್ಚಲಿಲ್ಲ. ಸಾಹೇಬರು ಕರೆಸಿದರು. ಬೈಗುಳಕ್ಕೆ ಸಿದ್ಧನಾಗಿ ಹೋದೆ. ಅವರು ವರದಿ ಮಡಿಸಿ, "ಆ ಹೆಂಗಸು ಕೇಳಿದ ಪ್ರಶ್ನೆಯನ್ನು ನಾನು ನಿಮಗೆ ಫೋನಿನಲ್ಲಿ ಕೇಳಬೇಕಿತ್ತು" ಎಂದರು. ಅವರಂಥವರ ಬಾಯಲ್ಲಿ ಅಂಥ ಮಾತು ಬರುವುದು ಬಡ್ತಿಗಿಂತ ದೊಡ್ಡದು. ಅಂದಿನಿಂದ ನಮ್ಮಲ್ಲಿ ಎರಡು ನಿಯಮ ಬಂದವು. ಯಾವ ಔಷಧಿಯಾದರೂ ಮೊದಲು ಒಂದು ಮೊರದಷ್ಟು ಹುಳಕ್ಕೆ ಹೊಡೆದು ನೋಡುವುದು. ತಡವಾಗಿ ಎದ್ದ ತಟ್ಟೆಗಳಿಗೆ ಸುಣ್ಣದಲ್ಲಿ ಗುರುತು ಹಾಕುವುದು. ಮೂರನೆಯ ನಿಯಮ ನನಗೆ ನಾನೇ ಹಾಕಿಕೊಂಡದ್ದು: ಏಕೆಂದು ಹೇಳದೆ ಯಾರ ಕೈಗೂ ಶೀಶೆ ಕೊಡಬಾರದು. ಅವಸರವಿದ್ದರೆ ಶೀಶೆ ಚೀಲದಲ್ಲೇ ಇರಲಿ.

ಮಾರುಕಟ್ಟೆಯ ಮಾರನೇ ದಿನ ಬೆಳಿಗ್ಗೆ ಸಿದ್ದಮ್ಮನ ಮನೆಗೆ ಹೋಗಿದ್ದೆ. ಊರವರಿಗೆ ಚಂದ್ರಿಕೆಗಳನ್ನು ತೊಳೆದು ಹಿಂದಿರುಗಿಸುತ್ತಿದ್ದಳು. ಕೆಂಪಯ್ಯ ಕೈಯಲ್ಲಿ ಮಚ್ಚು ಹಿಡಿದು ತೋಟದ ಕಡೆಯಿಂದ ಬಂದ. ಅವಳು ಚಂದ್ರಿಕೆ ಕೆಳಗಿಟ್ಟು ಎದ್ದು ನಿಂತಳು.

ಕೆಂಪಯ್ಯ ಮಚ್ಚನ್ನು ಜಗಲಿಯ ಮೇಲೆ ಇಟ್ಟ. ನನ್ನ ಕಡೆ ನೋಡಲಿಲ್ಲ.

"ಆ ನೀಲಗಿರಿ ಸಸಿನ ಬ್ಯಾರೇರ್ಗೆ ಕೊಟ್ಬುಟ್ಟೆ ಅತ್ತಿಗೆ. ಮ್ಯಾಗ್ಲು ಹೊಲ ಖಾಲಿ ಐತೆ. ತೋಟ ಸವರುವಾಗ ಒಸಿ ಕಡ್ಡಿ ಕೊಡ್ತೀಯಾ, ನೆಡಕ್ಕೆ?"

ಸಿದ್ದಮ್ಮ ಅವನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಕೊಡ್ತೀನಿ ಕಣಪ್ಪ" ಅಂದಳು. "ಆದ್ರೆ ಒಂದೇ ಸಲ. ಎರಡ್ನೇ ಸುತ್ತು ಬಡಿಸೋದ್ನ ನಾನು ಬುಟ್ಬುಟ್ಟಿವ್ನಿ."